ವರ್ಷವರ್ಷ ಎಫ್‌ಸಿ: ಹಳೇ ಡೀಸೆಲ್ ಕಾರಿಗೆ ನಾನು ಮಾಡುವುದು ಹೀಗೆ

ನನ್ನದು ಎಲ್ಲೋ ಬೋರ್ಡ್, ಅಂದರೆ ಬಾಡಿಗೆಗೆ ಓಡಿಸುವ ಹಳದಿ ನಂಬರ್ ಪ್ಲೇಟಿನ ಡೀಸೆಲ್ ಕಾರು, ಎಂಟು ವರ್ಷ ದಾಟಿದೆ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ (ಗಾಡಿ ರಸ್ತೆಗೆ ಯೋಗ್ಯ ಅಂತ ಪರೀಕ್ಷೆ ಮಾಡಿ ಕೊಡುವ ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿದರೆ ಸಾಕು, ಆಮೇಲೆ ಪ್ರತಿ ವರ್ಷ. ಚಿಕ್ಕಮಗಳೂರು ಕಡೆ ಬಾಡಿಗೆ ಓಡಿಸುವವರಿಗೆ ಇದು ಸ್ವಲ್ಪ ಜಾಸ್ತಿನೇ ಕೆಲಸ. ಮಳೆ, ಎಸ್ಟೇಟ್ ರಸ್ತೆಯ ಗುಂಡಿ, ಚಾರ್ಮಾಡಿ ಘಾಟಿ, ಮುಳ್ಳಯ್ಯನಗಿರಿ ಹತ್ತೋದು ಇಳಿಯೋದು. ಬಯಲುಸೀಮೆ ಗಾಡಿಗಿಂತ ನಮ್ಮ ಗಾಡಿಗಳ ಕೆಳಭಾಗ ಬೇಗ ಸವೆಯುತ್ತದೆ.

ನಮ್ಮ ಸ್ಟ್ಯಾಂಡಿನಲ್ಲಿ ಎಫ್‌ಸಿ ಬಂತು ಅಂದರೆ ಎಲ್ಲರೂ ಮೊದಲು ಓಡುವುದು ಟಿಂಕರಿಂಗ್, ಪೇಂಟಿಂಗ್‌ಗೆ. ಬಾಡಿ ನೀಟಾಗಿರಬೇಕು, ಒಪ್ಪುತ್ತೇನೆ. ಆದರೆ ಇರೋ ದುಡ್ಡೆಲ್ಲ ಅಲ್ಲೇ ಸುರಿದು, ಕೆಳಗೆ ಬಾಲ್ ಜಾಯಿಂಟ್ (ಮುಂದಿನ ಚಕ್ರವನ್ನು ಸಸ್ಪೆನ್ಷನ್‌ಗೆ ಜೋಡಿಸುವ ಗುಂಡು ಕೀಲು) ಕಟಕಟ ಅನ್ನುತ್ತಿದ್ದರೆ ಏನು ಬಂತು? ನಾನು ಉಲ್ಟಾ ಹೋಗುತ್ತೇನೆ. ಎಫ್‌ಸಿ ಮುಗಿಯೋಕೆ ಒಂದು ತಿಂಗಳು ಇರುವಾಗಲೇ ಕೆಳಗಿನಿಂದ ಶುರು ಮಾಡುತ್ತೇನೆ. ಪೇಂಟ್ ಕೊನೆಗೆ.

ಮೊದಲು ಮುಂದಿನ ಚಕ್ರ. ಸಮ ಜಾಗದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಟೈರು ನೆಲ ಬಿಡುವಷ್ಟು ಜಾಕ್ ಏರಿಸಿದರೆ ಸಾಕು. ಗಾಡಿ ಕೆಳಗೆ ತಲೆ ಹಾಕುವ ಅಗತ್ಯವೇ ಇಲ್ಲ, ಹೊರಗೆ ಕೂತೇ ನೋಡಬಹುದು. ಒಂದು ಕೈ ಟೈರಿನ ಮೇಲೆ, ಒಂದು ಕೈ ಕೆಳಗೆ ಇಟ್ಟು ಒಳಗೆ ಹೊರಗೆ ಅಲ್ಲಾಡಿಸಬೇಕು. ಪ್ಲೇ, ಅಂದರೆ ಸಡಿಲ ಆಟ, ಇದ್ದರೆ ಬಾಲ್ ಜಾಯಿಂಟ್ ಹೋಗಿದೆ, ಇಲ್ಲ ವೀಲ್ ಬೇರಿಂಗ್ ಹೋಗಿದೆ. ಎರಡರಲ್ಲಿ ಯಾವುದು ಅಂತ ಗೊತ್ತಾಗಬೇಕಾದರೆ ಮನೆಯಲ್ಲಿ ಯಾರನ್ನಾದರೂ ಕರೆದು ಬ್ರೇಕ್ ಒತ್ತಿ ಹಿಡಿಯೋಕೆ ಹೇಳಿ, ಮತ್ತೆ ಅಲ್ಲಾಡಿಸಿ. ಪ್ಲೇ ನಿಂತರೆ ಬೇರಿಂಗ್. ನಿಲ್ಲದಿದ್ದರೆ ಬಾಲ್ ಜಾಯಿಂಟ್ ಕಡೆ ನೋಡಬೇಕು. ಆಮೇಲೆ ಎಡಕ್ಕೂ ಬಲಕ್ಕೂ ಕೈ ಇಟ್ಟು ಅಲ್ಲಾಡಿಸಿ. ಅಲ್ಲಿ ಪ್ಲೇ ಸಿಕ್ಕರೆ ಹೆಚ್ಚಾಗಿ ಸ್ಟೇರಿಂಗ್‌ನಿಂದ ಚಕ್ರಕ್ಕೆ ಬರುವ ಟೈ ರಾಡ್ ಎಂಡ್ ಹೋಗಿರುತ್ತದೆ. ಇಷ್ಟು ಗೊತ್ತಿದ್ದು ಗ್ಯಾರೇಜಿಗೆ ಹೋದರೆ ಮಾತೇ ಬೇರೆ ಇರುತ್ತದೆ. "ಅಣ್ಣ, ಸಸ್ಪೆನ್ಷನ್ ಪೂರ್ತಿ ಇಳಿಸಬೇಕು" ಅಂತ ಯಾರೂ ಸುಮ್ನೆ ಹೇಳೋಕಾಗಲ್ಲ.

ಜಾಕ್ ಇಳಿಸಿ, ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ಟೈರಿನ ಒಳ ಅಂಚಿಗೆ ಕೈ ಸವರುತ್ತೇನೆ. ಹೊರಗಿನಿಂದ ಟೈರು ಹೊಸದರ ಹಾಗೆ ಕಾಣುತ್ತದೆ, ಒಳಗಡೆ ಕೂದಲಿಲ್ಲದ ತಲೆ. ಗ್ರೂವ್ ಕನಿಷ್ಠ 1.6 ಮಿಲಿಮೀಟರ್ ಇರಬೇಕು ಅನ್ನುವುದು ನಿಯಮ. ಅಳೆಯೋಕೆ ಏನೂ ಬೇಡ, ಗ್ರೂವ್ ನಡುವೆ ಸಣ್ಣ ದಿಬ್ಬಗಳಿರುತ್ತವಲ್ಲ, ಟೈರು ಸವೆದು ಅದರ ಸಮಕ್ಕೆ ಬಂದಿದ್ದರೆ ಆಯಿತು, ಬದಲಾಯಿಸಬೇಕು. ಒಳ ಅಂಚು ಮಾತ್ರ ಸವೆದಿದ್ದರೆ ಹೊಸ ಟೈರು ಹಾಕೋ ಮುಂಚೆ ಲೋಯರ್ ಆರ್ಮ್ ಬುಷ್ (ಚಕ್ರ ಹಿಡಿದಿರುವ ಕೆಳಗಿನ ತೋಳಿನ ರಬ್ಬರ್) ನೋಡಿಸಿ. ಬುಷ್ ಹರಿದಿರುವ ಗಾಡಿಗೆ ಚಕ್ರದ ಅಲೈನ್‌ಮೆಂಟ್ ಮಾಡಿಸೋದು ದಂಡ. ಮೆಷಿನ್ ಮೇಲೆ ಸರಿ ಇರುತ್ತದೆ, ಮೊದಲನೇ ಗುಂಡಿಯಲ್ಲಿ ಮತ್ತೆ ಹೋಗುತ್ತದೆ.

ಬ್ರೇಕ್ ವಿಷಯದಲ್ಲಿ ಘಾಟಿಯವರು ಉದಾಸೀನ ಮಾಡಬಾರದು. ಖಾಲಿ ರಸ್ತೆಯಲ್ಲಿ, ನಿಧಾನ ವೇಗದಲ್ಲಿ, ಸ್ಟೇರಿಂಗ್ ಸಡಿಲ ಹಿಡಿದು ಬ್ರೇಕ್ ಹಾಕುತ್ತೇನೆ. ಗಾಡಿ ಒಂದು ಕಡೆ ಎಳೆದರೆ ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಒತ್ತುವ ಭಾಗ) ಪಿನ್ ಜಾಮ್ ಆಗಿರುವುದೇ ಜಾಸ್ತಿ, ಮಳೆಗಾಲ ಮುಗಿದ ಮೇಲಂತೂ. ಇನ್ನೊಂದು ಗುರುತು: ಸ್ವಲ್ಪ ದೂರ ಓಡಿಸಿ ನಿಲ್ಲಿಸಿದಾಗ ನಾಲ್ಕರಲ್ಲಿ ಒಂದು ಚಕ್ರದ ಹತ್ತಿರ ಮಾತ್ರ ಬಿಸಿ ಹೊಡೆಯುತ್ತದೆ. ಪಿನ್ ಬಿಚ್ಚಿ, ತುಕ್ಕು ತೆಗೆದು, ಬ್ರೇಕಿಗೆ ಅಂತಲೇ ಬರುವ ಗ್ರೀಸ್ ಹಾಕಿದರೆ ಸರಿ ಹೋಗುತ್ತದೆ, ಪ್ಯಾಡ್ ಬದಲಾಯಿಸಲೇಬೇಕು ಅಂತಿಲ್ಲ. ಬ್ರೇಕ್ ಆಯಿಲ್ ಮಾತ್ರ ಎರಡು ವರ್ಷಕ್ಕೊಮ್ಮೆ ಬದಲಾಯಿಸಿಬಿಡಿ. ಅದು ಗಾಳಿಯಲ್ಲಿರೋ ನೀರನ್ನು ಹೀರುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಆ ನೀರು ಆವಿಯಾಗಿ, ಪೆಡಲ್ ಮೆತ್ತಗೆ ಒಳಗೆ ಹೋಗಿಬಿಡುತ್ತದೆ. ಹ್ಯಾಂಡ್‌ಬ್ರೇಕ್ ಪರೀಕ್ಷೆ ಮಾಡೋಕೆ ನಮ್ಮೂರಲ್ಲಿ ಏರು ರಸ್ತೆ ಹುಡುಕಬೇಕಾಗಿಲ್ಲ.

ಲೈಟ್ ಕತ್ತಲಾದ ಮೇಲೆ ನೋಡುವುದು ಒಳ್ಳೆಯದು. ಗೋಡೆಗೆ ಎದುರಾಗಿ ನಿಲ್ಲಿಸಿ ಡಿಮ್, ಬ್ರೈಟ್ ಎರಡೂ ಹಾಕಿದರೆ ಯಾವ ಫೋಕಸ್ ಆಕಾಶ ನೋಡುತ್ತಿದೆ ಅಂತ ಕಾಣುತ್ತದೆ. ಹಿಂದಿನ ಲೈಟಿನಲ್ಲಿ ಒಂದು ತಮಾಷೆ ಇದೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣಮಿಣ ಅನ್ನುತ್ತದೆ, ಇಂಡಿಕೇಟರ್ ಹಾಕಿದರೆ ಪಾರ್ಕ್ ಲೈಟ್ ಕುಣಿಯುತ್ತದೆ. ಬಲ್ಬ್ ಹೋಗಿದೆ ಅಂತ ಬಲ್ಬ್ ಮೇಲೆ ಬಲ್ಬ್ ಹಾಕುತ್ತಾರೆ. ಅದು ಅರ್ತಿಂಗ್ ತೊಂದರೆ. ಡಿಕ್ಕಿಯಲ್ಲಿ ಲೈಟಿನ ಹಿಂದೆ ಒಂದು ವೈರು ಬಾಡಿಗೆ ಬೋಲ್ಟ್ ಆಗಿರುತ್ತದೆ. ಬಿಚ್ಚಿ ನೋಡಿ, ಹಸಿರು ಹಸಿರು ಪುಡಿ ಹಿಡಿದಿರುತ್ತದೆ. ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಬಿಗಿ ಮಾಡಿದರೆ ಮುಗಿಯಿತು. ಖರ್ಚಿಲ್ಲದ ಕೆಲಸ.

ಇನ್ನು ಹೊಗೆ. ಬಿಎಸ್4 (ಭಾರತ್ ಸ್ಟೇಜ್ 4 ಮಾಲಿನ್ಯ ನಿಯಮದ) ಡೀಸೆಲ್‌ಗೆ ಹೊಗೆ ಮಿತಿ 50 ಹಾರ್ಟ್‌ರಿಡ್ಜ್ ಯೂನಿಟ್ (ಹೊಗೆ ಎಷ್ಟು ದಟ್ಟ ಅಂತ ಅಳೆಯುವ ಲೆಕ್ಕ), ಅದಕ್ಕಿಂತ ಹಳೆಯದಕ್ಕೆ 65. ಟೆಸ್ಟ್‌ನಲ್ಲಿ ಗೇರ್ ಹಾಕದೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಅಳೆಯುತ್ತಾರೆ. ತಣ್ಣಗಿರುವ ಇಂಜಿನ್, ಕಟ್ಟಿಕೊಂಡ ಏರ್ ಫಿಲ್ಟರ್, ಊರೊಳಗೇ ಸ್ಟಾರ್ಟ್ ಆಫ್ ಮಾಡಿ ಮಸಿ ತುಂಬಿದ ಸೈಲೆನ್ಸರ್, ಮೂರೂ ಸೇರಿದರೆ ಚೆನ್ನಾಗಿರೋ ಗಾಡಿಯೂ ಫೇಲ್. ನಾನು ಏರ್ ಫಿಲ್ಟರ್ ಬದಲಾಯಿಸಿ, ಕಡೂರು ರಸ್ತೆಯಲ್ಲಿ ಒಂದು ಗಂಟೆ ಚೆನ್ನಾಗಿ ಓಡಿಸಿ, ಇಂಜಿನ್ ಬಿಸಿ ಇರುವಾಗಲೇ ನೇರ ಎಮಿಷನ್ ಸೆಂಟರಿಗೆ ಹೋಗುತ್ತೇನೆ. ಇಷ್ಟೆಲ್ಲ ಮಾಡಿಯೂ ಕಪ್ಪು ಹೊಗೆ ಬಂದರೆ ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಚೆಕ್ ಮಾಡಿಸಬೇಕು. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಅದು ದೊಡ್ಡ ಖರ್ಚು, ಎಫ್‌ಸಿ ಹಿಂದಿನ ದಿನ ಮುಗಿಯುವಂಥದ್ದಲ್ಲ.

ಸಣ್ಣಪುಟ್ಟದ್ದು ಬೇಗ ಹೇಳಿಬಿಡುತ್ತೇನೆ. ವೈಪರ್, ಹಾರ್ನ್, ಎಲ್ಲ ಸೀಟ್ ಬೆಲ್ಟ್, ಸ್ಟೆಪ್ನಿ, ಫಸ್ಟ್ ಏಡ್ ಬಾಕ್ಸ್, ರಿಫ್ಲೆಕ್ಟರ್ ಸ್ಟಿಕ್ಕರ್, ಸ್ಪೀಡ್ ಗವರ್ನರ್, ಪ್ಯಾನಿಕ್ ಬಟನ್. ಗಾಜಿಗೆ ಫಿಲ್ಮ್ ಇದ್ದರೆ ಕಿತ್ತುಹಾಕಿ, 2012ರಲ್ಲೇ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿದೆ. ಚಾಸಿಸ್ ನಂಬರ್ ಮೇಲೆ ಕೂತಿರೋ ಕೆಸರು, ತುಕ್ಕು ಮೆತ್ತಗೆ ಒರೆಸಿ ಸ್ವಲ್ಪ ಗ್ರೀಸ್ ಹಚ್ಚಿಡಿ. ಜೋರಾಗಿ ಉಜ್ಜಿ ನಂಬರೇ ಮಾಸಿಹೋದರೆ ಅದು ಬೇರೆ ತಲೆನೋವು. ಸಿಎನ್‌ಜಿ ಗಾಡಿಯವರು ಸಿಲಿಂಡರ್ ಟೆಸ್ಟ್ ಮೂರು ವರ್ಷಕ್ಕೊಮ್ಮೆ ಮಾಡಿಸಿರಬೇಕು. ಟ್ಯಾಕ್ಸ್, ಇನ್ಶೂರೆನ್ಸ್, ಪರ್ಮಿಟ್, ಎಮಿಷನ್ ಯಾವುದರ ತಾರೀಕೂ ಮುಗಿದಿರಬಾರದು. ಬಾಕಿ ಫೈನ್ ಇದ್ದರೆ ಮೊದಲೇ ಕಟ್ಟಿ.

ಕೆಲವರು ಏಜೆಂಟ್ ಕೈಗೆ ಕೀ ಕೊಟ್ಟು ಟೀ ಕುಡಿಯೋಕೆ ಹೋಗುತ್ತಾರೆ. ನಾನು ಗಾಡಿ ಪಕ್ಕದಲ್ಲೇ ನಿಲ್ಲುತ್ತೇನೆ. ಇನ್ಸ್‌ಪೆಕ್ಟರ್ "ಈ ಸಲ ನಡೆಯುತ್ತೆ, ಹಿಂದಿನ ಟೈರು ನೋಡ್ಕೊಳ್ಳಿ" ಅಂದರೆ ಅದು ನನ್ನ ಕಿವಿಗೇ ಬೀಳಬೇಕಲ್ವಾ. ಏಜೆಂಟ್ ಅದನ್ನು ಹೇಳುವುದಿಲ್ಲ.

ತಾರೀಕು ದಾಟಿದರೆ ದಿನಕ್ಕೆ 50 ರೂಪಾಯಿ ಹೆಚ್ಚುವರಿ ಶುಲ್ಕ. ಅದು ಹೋಗಲಿ, ಎಫ್‌ಸಿ ಇಲ್ಲದ ಬಾಡಿಗೆ ಗಾಡಿಗೆ ಕಾನೂನಿನ ಲೆಕ್ಕದಲ್ಲಿ ರಿಜಿಸ್ಟ್ರೇಷನ್ನೇ ಊರ್ಜಿತ ಇರುವುದಿಲ್ಲ. ಆಕ್ಸಿಡೆಂಟ್ ಆದರೆ ಇನ್ಶೂರೆನ್ಸ್‌ನವರು ಮೊದಲು ಕೇಳುವ ಕಾಗದಗಳಲ್ಲಿ ಅದೂ ಒಂದು. ಬಿಳಿ ಬೋರ್ಡಿನವರಿಗೆ, ಅಂದರೆ ಸ್ವಂತಕ್ಕೆ ಕಾರು ಇಟ್ಟವರಿಗೆ, ಹದಿನೈದು ವರ್ಷದವರೆಗೆ ಈ ರಗಳೆ ಇಲ್ಲ, ಆಮೇಲೆ ಐದು ವರ್ಷಕ್ಕೊಮ್ಮೆ. ಹಾಗಂತ ನಿಮ್ಮ ಬುಷ್, ಬಾಲ್ ಜಾಯಿಂಟ್ ಹದಿನೈದು ವರ್ಷ ಕಾಯುವುದಿಲ್ಲ. ಜಾಕ್ ಡಿಕ್ಕಿಯಲ್ಲೇ ಇದೆ, ಒಂದು ಭಾನುವಾರ ಅಲ್ಲಾಡಿಸಿ ನೋಡಿ.