ಹ್ಯಾಟ್ ಟಿಪ್ ಕನ್ನಡಕ್ಕೆ ತರುವಾಗ ಟೋಪಿ ಹಾಕಬೇಡಿ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಸನ್ಮಾನ ಪತ್ರ, ಇಂಥವೇ ಕೆಲಸ. ಒಮ್ಮೆ ನಿವೃತ್ತ ಮೇಷ್ಟ್ರೊಬ್ಬರ ಸನ್ಮಾನ ಪತ್ರಕ್ಕೆ ಅವರ ಶಿಷ್ಯನೊಬ್ಬ ಇಂಗ್ಲಿಷಲ್ಲಿ ನಾಲ್ಕು ಸಾಲು ಕಳಿಸಿದ್ದ. ಅದರಲ್ಲಿ 'ಹ್ಯಾಟ್ ಟಿಪ್' ಅಂತಿತ್ತು, ಅಂದರೆ ಟೋಪಿ ತುಸು ಎತ್ತಿ ಮರ್ಯಾದೆ ತೋರಿಸುವ ಮಾತು. ನಾನು ಸುಮ್ನೆ 'ಗುರುಗಳಿಗೆ ನಮ್ಮ ಟೋಪಿ' ಅಂತ ಕೂರಿಸಿಬಿಟ್ಟೆ. ಪ್ರೂಫ್ ನೋಡಿದ ಮೇಷ್ಟ್ರ ಮಗಳು ಬಿದ್ದು ಬಿದ್ದು ನಕ್ಕಳು. "ಅಪ್ಪಾಜಿಗೆ ಟೋಪಿ ಹಾಕ್ಲಾಕತ್ತೀರೇನ್ರಿ?"

ಹಾಗಾಗಿ ಮೊದಲು ಮಾತಿನ ಬೇರು ನೋಡಿ. ಯುರೋಪಿನಲ್ಲಿ ದೊಡ್ಡವರ ಮುಂದೆ ಟೋಪಿ ತೆಗೆಯುವುದು ಮರ್ಯಾದೆ, ತೆಗೆಯದಿದ್ದರೆ ಸೊಕ್ಕು. 1670ರಲ್ಲಿ ಲಂಡನ್ನಿನ ಓಲ್ಡ್ ಬೈಲಿ ಕೋರ್ಟಿನಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದ ವಿಲಿಯಂ ಪೆನ್‌ಗೆ ತಲೆ ಮೇಲೆ ಟೋಪಿ ಇದೆ ಅಂತ ದಂಡ ಬಿತ್ತು. ತಮಾಷೆ ಏನಂದ್ರೆ, ಒಳಗೆ ಬರುವಾಗ ತೆಗೆಸಿದ್ದ ಟೋಪಿಯನ್ನು ಕೋರ್ಟಿನವರೇ ಮತ್ತೆ ಹಾಕಿಸಿದ್ದರು! ಪೂರ್ತಿ ತೆಗೆಯುವ ಬದಲು ಅಂಚು ಮುಟ್ಟಿ ತುಸು ಎತ್ತಿದರೆ ಅದು 'ಟಿಪ್'. ಹೋಟೆಲ್ ಹುಡುಗನಿಗೆ ಕೊಡುವ ಟಿಪ್ ಅಲ್ಲ. ಈಗ ಇಂಟರ್ನೆಟ್ಟಲ್ಲಿ ಸುದ್ದಿಯ ಸುಳಿವು ಕೊಟ್ಟವರ ಹೆಸರಿಗೆ ಮೊದಲು 'ಎಚ್‌ಟಿ' ಅಂತ ಹಾಕುತ್ತಾರಲ್ಲ, ಅದೂ ಇದೇ.

ನಮ್ಮ ಕಡೆ ಲೆಕ್ಕ ಉಲ್ಟಾ. ಬಂದೇನವಾಜ್ ದರ್ಗಾಕ್ಕೆ ಹೋದರೂ, ಬೀದರಿನ ನಾನಕ್ ಝೀರಾ ಗುರುದ್ವಾರಕ್ಕೆ ಹೋದರೂ ಕರ್ಚೀಫಾದರೂ ಕಟ್ಟಿ ತಲೆ ಮುಚ್ಚುತ್ತೇವೆ. ನಮ್ಮಜ್ಜ ರುಮಾಲು ಸುತ್ತದೆ ಬೀಗರ ಮುಂದೆ ಕೂತವನಲ್ಲ. ಟೋಪಿ ತೆಗೆದರೆ ಇಲ್ಲಿ ಯಾರಿಗೆ ಮರ್ಯಾದೆ ಬಂತು?

ಅದಕ್ಕೇ ಟೋಪಿ ಬಿಡಿ, ಮಾತಿನ ತೂಕ ನೋಡಿ. 'ಹ್ಯಾಟ್ಸ್ ಆಫ್' ದೊಡ್ಡ ಮೆಚ್ಚುಗೆ. ಅಲ್ಲಿ 'ಶರಣು ಶರಣಾರ್ಥಿ' ಕೂರುತ್ತದೆ. 'ಹ್ಯಾಟ್ ಟಿಪ್' ಚಿಕ್ಕದು. 'ಈ ವಿಷಯ ತಿಳಿಸಿದವರು ಇಂಥವರು' ಅಂದರೆ ಸಾಕು. ಅದಕ್ಕೆ ಹೂವಿನ ಹಾರ ಹಾಕಿದರೆ ಜಾಸ್ತಿ ಆಗುತ್ತದೆ. ಯಾವುದೇ ಇರಲಿ, ಅವರು ಏನು ಕೊಟ್ಟರು ಅನ್ನೋದನ್ನು ಬಿಡಿಸಿ ಬರೆಯಿರಿ. ಶಿಷ್ಯ ಟಿಪ್ ಅಂದಿದ್ದರೂ ಅವನ ಮನಸ್ಸಲ್ಲಿದ್ದದ್ದು ದೊಡ್ಡದೇ. ಫೋನ್ ಮಾಡಿ, ಮೇಷ್ಟ್ರು ಏನು ಕಲಿಸಿದ್ರು ಅಂತ ಕೇಳಿದೆ. ಆಮೇಲೆ ಹೀಗೆ ತಿದ್ದಿದೆ: 'ತೊಗರಿ ಕಾಳು ಎಣಿಸಿ ಮಗ್ಗಿ ಕಲಿಸಿದ ಗುರುಗಳಿಗೆ ಶರಣು.'

ಮಗಳು ಈ ಸಲ ನಗಲಿಲ್ಲ. ಎರಡು ಸಲ ಓದಿ, ಅಕ್ಷರ ಸ್ವಲ್ಪ ದೊಡ್ಡದು ಮಾಡ್ರಿ ಅಂದಳು.