ಪುಣೆ ಲೈನಿನಲ್ಲಿ ಬಿಪಿ ಸಂಭಾಳಿಸಿದ್ದು ಹೀಗೆ

ನಾನು ಮಂಗಳೂರಿನ ಪಣಂಬೂರಿನಿಂದ ಪುಣೆ ಲೈನ್ ಓಡಿಸುವ ಲಾರಿ ಡ್ರೈವರ್. ಬಂದರಿನಲ್ಲಿ ಲೋಡ್ ಮಾಡಿಕೊಂಡು ಉಡುಪಿ, ಕುಂದಾಪುರ, ಅಂಕೋಲಾ ದಾಟಿ, ಅರಬೈಲು ಘಾಟಿ ಹತ್ತಿ ಹುಬ್ಬಳ್ಳಿ, ಬೆಳಗಾವಿ ಮೇಲೆ ಹೋಗುವುದು. ನನಗೆ ಬಿಪಿ ಉಂಟು ಅಂತ ಗೊತ್ತಾದದ್ದು ಲೈಸೆನ್ಸ್ ರಿನ್ಯೂವಲ್‌ಗೆ ಡಾಕ್ಟರ್ ಸರ್ಟಿಫಿಕೇಟ್ ಮಾಡಿಸಲು ಹೋದಾಗ. ತಲೆನೋವು ಇಲ್ಲ, ತಲೆಸುತ್ತು ಇಲ್ಲ. ಮೀಟರ್ ಮಾತ್ರ 160ರ ಮೇಲೆ. ಬೇರೆ ಬೇರೆ ದಿನ ನೋಡಿದರೂ 140/90ರ ಕೆಳಗೆ ಬರಲಿಲ್ಲ.

ಡಾಕ್ಟ್ರು ಹೇಳಿದ್ದೆಲ್ಲ ಸರಿಯೇ. ಬೆಳಗ್ಗೆ ಮಾತ್ರೆ, ಅರ್ಧ ಗಂಟೆ ನಡಿಗೆ, ಉಪ್ಪು ಕಡಿಮೆ, ಹೊತ್ತಿಗೆ ಸರಿಯಾಗಿ ನಿದ್ದೆ. ಆದರೆ ಇದೆಲ್ಲ ಮನೆಯಲ್ಲಿ ಇರುವವರ ಲೆಕ್ಕ ಅಲ್ವಾ? ಕೆಲವು ದಿನ ನಾವು ಮಲಗುವುದೇ ಬೆಳಗ್ಗೆ ಆರಕ್ಕೆ.

ಮಾತ್ರೆಯನ್ನು ತಿಂಡಿ ಜೊತೆ, ನಿದ್ದೆ ಜೊತೆ ಅಂತ ಇಟ್ಟುಕೊಂಡರೆ ನಮ್ಮ ಕೆಲಸದಲ್ಲಿ ಅದು ತಪ್ಪಿಯೇ ತಪ್ಪುತ್ತದೆ. ದಿನಾ ಒಂದೇ ಹೊತ್ತಿಗೆ ತಗೊಂಡರೆ ಸಾಕು, ರಾತ್ರಿಯಾದರೂ ತೊಂದರೆಯಿಲ್ಲ ಅಂದರು ಡಾಕ್ಟ್ರು. ಮೊಬೈಲಿನಲ್ಲಿ ರಾತ್ರಿ ಎಂಟಕ್ಕೆ ಅಲಾರ್ಮ್ ಇಟ್ಟೆ. ಗಾಡಿ ಎಲ್ಲೇ ಇರಲಿ, ಪಕ್ಕಕ್ಕೆ ಹಾಕಿ ನುಂಗುವುದು. ಮಾತ್ರೆಯನ್ನು ಡ್ಯಾಶ್‌ಬೋರ್ಡಿನಲ್ಲಿ ಇಡುವುದಿಲ್ಲ, ಅಲ್ಲಿ ಬಿಸಿಲಿಗೆ ಕಾಯುತ್ತದೆ. ಬಟ್ಟೆ ಚೀಲದ ಒಳಗೆ ಇರುತ್ತದೆ.

ಡಾಕ್ಟರರ ಹತ್ತಿರ ನೀವು ಡ್ರೈವರ್ ಅಂತ ಮೊದಲೇ ಹೇಳಿಬಿಡಿ, ಮಾರಾಯ್ರೆ. ಬಿಪಿ ಮಾತ್ರೆಗಳಲ್ಲಿ ಮೂತ್ರ ಜಾಸ್ತಿ ಮಾಡುವ ಜಾತಿಯೂ ಒಂದು ಉಂಟು. ಅದನ್ನು ತಗೊಂಡು ಟ್ರಾಫಿಕ್ ಜಾಮಿನಲ್ಲಿ ಕೂತರೆ ಕಷ್ಟ. ನನಗೆ ಅಮ್ಲೋಡಿಪಿನ್ ಅನ್ನುವ ಬೇರೆ ಜಾತಿಯ ಬಿಪಿ ಮಾತ್ರೆ ಕೊಟ್ಟರು. ಅದರಿಂದ ಕಾಲಿನ ಮಣಿಗಂಟು ಊದಿತು. ಇಡೀ ದಿನ ಕೂರುವವನಿಗೆ ಊತ ಬೇರೆ ಯಾಕೆ? ಆದರೆ ನಾನೇ ನಿಲ್ಲಿಸಲಿಲ್ಲ, ಹೋಗಿ ಹೇಳಿ ಬದಲಿಸಿಕೊಂಡೆ. ಹೊಸ ಮಾತ್ರೆ ಶುರು ಮಾಡುವುದು ಮನೆಯಲ್ಲಿ ರಜೆ ಇರುವಾಗ ಮಾತ್ರ. ಮೊದಲ ದಿನಗಳಲ್ಲಿ ಕೆಲವರಿಗೆ ತಲೆ ತಿರುಗುತ್ತದೆ. ಅರಬೈಲಿನ ತಿರುವಿನಲ್ಲಿ ಅದು ಬೇಡ.

ಊಟದ ವಿಷಯದಲ್ಲಿ ನಮ್ಮ ಕರಾವಳಿಯವರಿಗೆ ಒಂದು ಜಂಬ ಉಂಟು: ಕುಚ್ಚಲಕ್ಕಿ ಗಂಜಿ, ಮೀನು, ಇನ್ನೇನು ಬೇಕು ಅಂತ. ಗಂಜಿ ಒಳ್ಳೆಯದೇ. ಅದರ ಜೊತೆಗಿನ ಉಪ್ಪಿನಕಾಯಿ, ಒಣಮೀನು, ಹಪ್ಪಳದ್ದೇ ಕತೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಟೀ ಚಮಚ. ಎರಡು ತುಂಡು ಒಣಮೀನಿನಲ್ಲೇ ಅದರ ದೊಡ್ಡ ಪಾಲು ಮುಗಿಯುತ್ತದೆ. ಬೂತಾಯಿ, ಬಂಗುಡೆ ಹೃದಯಕ್ಕೆ ಒಳ್ಳೆಯ ಮೀನುಗಳೇ. ಪುಳಿಮುಂಚಿ (ಹುಳಿ-ಖಾರದ ಸಾರು) ಮಾಡಿ ತಿನ್ನಿ, ಎಣ್ಣೆಯಲ್ಲಿ ಮುಳುಗಿಸಬೇಡಿ.

ಹಾಗಾಗಿ ನಾನು ಬದಲಿಸಿದ್ದು ಗಾಡಿ ನಿಲ್ಲಿಸುವ ಜಾಗವನ್ನು. ಅಂಕೋಲಾದವರೆಗೆ ಸ್ಟವ್, ಕುಕ್ಕರ್ ನಮ್ಮದೇ. ಹುರುಳಿ ಸಾರು, ಅನ್ನ, ಯಾವುದಾದರೂ ಸೊಪ್ಪು. ಘಾಟಿ ಹತ್ತಿದ ಮೇಲೆ ಹುಬ್ಬಳ್ಳಿ, ಧಾರವಾಡದ ಖಾನಾವಳಿಗಳು. ಜೋಳದ ರೊಟ್ಟಿ, ಮೊಳಕೆ ಕಾಳು ಪಲ್ಯ, ಹಸಿ ಮೆಂತ್ಯ ಸೊಪ್ಪು, ಮೊಸರು. ಡಾಬಾದ ಪರೋಟ, ಎಣ್ಣೆ ತೇಲುವ ಕರಿಗಿಂತ ಎಷ್ಟೋ ಮೇಲು, ದುಡ್ಡೂ ಕಡಿಮೆ. ಲಾರಿ ತಿರುಗಿಸಲು ಜಾಗ ಇರುವ ಖಾನಾವಳಿ ಹುಡುಕಲು ಸ್ವಲ್ಪ ಸಮಯ ಹಿಡಿಯಿತು ಅಷ್ಟೆ.

ನಡಿಗೆಗೆ ಬೇರೆ ಸಮಯ ಇಟ್ಟಿಲ್ಲ. ಬಂದರಿನ ಗೇಟಿನಲ್ಲಿ, ಗೋಡೌನ್ ಮುಂದೆ ಗಂಟೆಗಟ್ಟಲೆ ಕಾಯುತ್ತೇವಲ್ಲ, ಆಗ ಮೊಬೈಲ್ ನೋಡುವ ಬದಲು ಬೂಟು ಹಾಕಿಕೊಂಡು ನಡೆಯುವುದು. ಚಪ್ಪಲಿಯಲ್ಲಿ ಆಗುವುದಿಲ್ಲ.

ಬೀಡಿ ಬಿಡುವುದೇ ಎಲ್ಲಕ್ಕಿಂತ ಕಷ್ಟ ಆಯಿತು. ನಿದ್ದೆ ಬರಬಾರದು ಅಂತ ಸೇದುವುದು ನಮ್ಮಲ್ಲಿ ಅಭ್ಯಾಸ. ನಿಕೋಟಿನ್ ಆಗಿಂದಾಗ ಬಿಪಿ ಏರಿಸುತ್ತದೆ, ಎದೆಬಡಿತ ಜೋರು ಮಾಡುತ್ತದೆ. ಬಿಟ್ಟು ಒಂದು ವರ್ಷ ಆಗುವಾಗ ಹೃದಯರೋಗದ ಹೆಚ್ಚುವರಿ ಅಪಾಯ ಅರ್ಧಕ್ಕೆ ಇಳಿಯುತ್ತದಂತೆ. ನನಗೆ ಲವಂಗ ಸಹಾಯ ಮಾಡಿತು. ಅದಕ್ಕಿಂತ ಜಾಸ್ತಿ ಸಹಾಯ ಮಾಡಿದ್ದು ರಾತ್ರಿ ಎರಡರಿಂದ ಐದರವರೆಗೆ ಗಾಡಿ ನಿಲ್ಲಿಸಿ ಮಲಗಿದ್ದು. ನಿದ್ದೆ ಆದವನಿಗೆ ಬೀಡಿ ಅಷ್ಟು ಬೇಕೆನಿಸುವುದಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ 8 ಗಂಟೆ ಕೆಲಸ ಅಂತ ಬರೆದಿತ್ತು. ಓನರಿಗೆ ಅದನ್ನು ಹೇಳಿದರೆ ನಗುತ್ತಿದ್ದರು. ಕಾಯ್ದೆ ಬಿಟ್ಟು ಬಿಪಿ ಚೀಟಿ ತೋರಿಸಿದೆ, ಆಗ ಒಪ್ಪಿದರು.

ಒಂದು ಡಿಜಿಟಲ್ ಬಿಪಿ ಮೆಷಿನ್ ಕ್ಯಾಬಿನ್‌ನಲ್ಲಿ ಉಂಟು. ಘಾಟಿ ಹತ್ತಿದ ಕೂಡಲೇ ನೋಡಬೇಡಿ, ಸುಮ್ನೆ ಹೆದರುತ್ತೀರಿ. ಎಂಜಿನ್ ಆಫ್ ಮಾಡಿ, ಐದು ನಿಮಿಷ ಕೂತು, ಚಹಾ ಕುಡಿಯುವ ಮೊದಲು ನೋಡಿ, ಡೈರಿಯಲ್ಲಿ ಬರೆದಿಡಿ.

ಇನ್ನು ಎದೆ ಭಾರ, ದವಡೆ ಅಥವಾ ಎಡಗೈ ನೋವು, ತಣ್ಣನೆ ಬೆವರು ಬಂದರೆ ಅದು ಹಾರ್ಟ್ ಅಟ್ಯಾಕ್ ಇರಬಹುದು, ಗ್ಯಾಸ್ ಅಂತ ಸೋಡಾ ಕುಡಿದು ಗಾಡಿ ಓಡಿಸಬೇಡಿ. ನನ್ನ ಕ್ಲೀನರ್ ಹುಡುಗನಿಗೆ ಹ್ಯಾಂಡ್ ಬ್ರೇಕ್ ಎಳೆಯುವುದು, ಹಜಾರ್ಡ್ ಲೈಟ್ ಹಾಕುವುದು, 108ಕ್ಕೆ ಫೋನ್ ಮಾಡಿ ಕಿಲೋಮೀಟರ್ ಕಲ್ಲಿನ ನಂಬರ್ ಹೇಳುವುದು ಕಲಿಸಿದ್ದೇನೆ. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿಂದ ಹಲವು ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಬೇಕಾದರೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ. ದೊಡ್ಡ ಊರಿನವರೆಗೆ ಓಡಿಸಿಕೊಂಡು ಹೋಗೋಣ ಅಂತ ಕಾಯಬೇಕಿಲ್ಲ. ನಿಮ್ಮ ಲೈನಿನಲ್ಲಿ ಯಾವ ಆಸ್ಪತ್ರೆಯಲ್ಲಿ ಇದು ಉಂಟು ಅಂತ ಮುಂದಿನ ಟ್ರಿಪ್‌ಗೆ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.