ಹಳೆಯ ಇಳಕಲ್ ಸೀರೆಯನ್ನು ಓದುವ ಬಗೆ

ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕ ಇಳಕಲ್ ಸೀರೆಯನ್ನು ಚಾಪೆಯ ಮೇಲೆ ಪೂರ್ತಿ ಬಿಡಿಸಿ, ಒಡಲು ಮತ್ತು ಸೆರಗು ಕೂಡುವ ಜಾಗವನ್ನು ಮೊದಲು ನೋಡಬೇಕು. ಒಡಲಿನ ಹಾಸೆಳೆಗಳನ್ನು (ಉದ್ದಕ್ಕೆ ಸಾಗುವ ನೂಲುಗಳನ್ನು) ಸೆರಗಿನ ಹಾಸೆಳೆಗಳಿಗೆ ಕುಣಿಕೆ ಹಾಕಿ ಜೋಡಿಸುವ ವಿಧಾನದಿಂದಾಗಿ ಬಣ್ಣ ಅಲ್ಲಿಯೇ ಬದಲಾಗುತ್ತದೆ. ಕೆಂಪು ಸೆರಗಿನ ಬಿಳಿ ತೆನೆಗಳನ್ನೂ ಗಮನಿಸಿ.

ಹೆಚ್ಚು ಹೊತ್ತು ಬೇಡುವುದು ಕಸೂತಿ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ, ಎಳೆ ಎಣಿಸಿಯೇ ಹಾಕುವ ಈ ಹೊಲಿಗೆಯನ್ನು ತಿರುವಿ ಹಾಕಿದರೆ, ಅದರ ಬಗೆಗಳಾದ ಗಂಟಿಲ್ಲದ ಗಾವಂತಿಯೂ ಮೆಟ್ಟಿಲಿನಂತೆ ಸಾಗುವ ಮುರ್ಗಿಯೂ ಎರಡೂ ಬದಿಗಳಲ್ಲಿ ಒಂದೇ ರೀತಿ ಕಾಣುತ್ತವೆ. ಕತ್ತರಿಯಾಕಾರದಲ್ಲಿ ಕೂಡುವುದು ಮೆಂತೆ, ನೇಯ್ದಂತೆ ತೋರುವುದು ನೇಗಿ. ಗೋಪುರ, ತೇರು, ಅಂಬಾರಿ, ತೊಟ್ಟಿಲುಗಳನ್ನು ಒಂದೊಂದಾಗಿ ಗುರುತು ಹಾಕಿಕೊಂಡರೆ, ದೇವಾಲಯದ ಶಿಲ್ಪವೂ ಮನೆಯ ಬದುಕೂ ಸೂಜಿಗೆ ಹೇಗೆ ಇಳಿದವೆಂಬುದು ತಿಳಿಯುತ್ತದೆ. ಸೀರೆ ಚಂದ್ರಕಾಳಿ ಎಂಬ ಕಪ್ಪು ಬಗೆಯದಾಗಿದ್ದರೆ ಹಗಲು ಬೆಳಕಿನಲ್ಲಿಯೇ ನೋಡುವುದು ಒಳಿತು.